ಹಾವುಮೀನಿನ ಕುಬಸ

ನಮ್ಮದು ಸ್ವಾಮಿಗಳ ಮನೆ. ಗಡಿಯ ಮರಾಠಿ ಸೀಮೆಯಲ್ಲಿ, ನಿಲಂಗಾ ಕಡೆಯ ಹಳ್ಳಿಗಳಲ್ಲಿ ಲಗ್ನ, ತೊಟ್ಟಿಲು, ಮಣ್ಣು ಎಲ್ಲಕ್ಕೂ ನನ್ನನ್ನೇ ಕರೆಯುತ್ತಾರೆ. ಮೀನು ಅಂದರೆ ಮೂಗು ಮುಚ್ಚಿಕೊಳ್ಳುವ ಮನೆತನ. ಅಂಥ ನಾನು ಒಂದು ಮೀನಿನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಮಂತ್ರ ಹೇಳಿದ್ದೇನೆ. ಇದನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳುವುದು ವಾಸಿ.

ಅದು ನಮ್ಮ ದೊಡ್ಡವ್ವನ ಹೊಲದ ಬಾವಿಯಲ್ಲಿದ್ದ ಹಾವುಮೀನು. ನದಿಗೆ ಬ್ಯಾರೇಜು ಕಟ್ಟುವ ಮೊದಲು, ಮಾಂಜ್ರಾ ತುಂಬಿ ಹೊಲಕ್ಕೆ ನುಗ್ಗಿದ ವರ್ಷ ಬೆರಳುದ್ದದ ಮರಿ ಬಂದು ಸೇರಿಕೊಂಡಿತ್ತು. ದೊಡ್ಡವ್ವ ದಿನಾ ರೊಟ್ಟಿ ಚೂರು ಹಾಕಿ ಅದನ್ನು ತೋಳುದ್ದ ಬೆಳೆಸಿದಳು. ಹಾಕುತ್ತ ಅದರ ಜೊತೆ ಮಾತಾಡುತ್ತಿದ್ದಳು, ಕನ್ನಡದಲ್ಲಿ. ಆಕೆ ಗಡಿಯಾಚೆ ಭಾಲ್ಕಿ ಕಡೆಯವಳು. ದೊಡ್ಡಪ್ಪ ಇರುವವರೆಗೆ ಮನೆಯಲ್ಲಿ ಕನ್ನಡವಿತ್ತು. ಈಗ ಸೊಸೆ ಲಾತೂರಿನವಳು, ಮೊಮ್ಮಕ್ಕಳು ಮರಾಠಿ ಶಾಲೆಯವರು. ಆಜಿ ಏನೋ ಅಂದಳಲ್ಲ ಎಂದು ಒಂದು ಸಲ ತಿರುಗಿ ನೋಡಿ ಓಡಿಹೋಗುತ್ತವೆ. ಮೀನು ಓಡುತ್ತಿರಲಿಲ್ಲ. ಓಡಲು ಬಾವಿಯಲ್ಲಿ ಜಾಗವಿರಲಿಲ್ಲ, ಅದು ಬೇರೆ ಮಾತು.

ಹೋದ ವರ್ಷ ಮಳೆಗಾಲದ ಕೊನೆಗೆ ಮೀನು ರೊಟ್ಟಿ ಬಿಟ್ಟಿತು. ಅದರ ಹೊಟ್ಟೆ ಬೆಳ್ಳಗೆ ಮಿಂಚತೊಡಗಿತು, ಕಣ್ಣು ದೊಡ್ಡವಾದವು. ದೊಡ್ಡವ್ವನೂ ಊಟ ಬಿಟ್ಟಳು. ಅಷ್ಟರಲ್ಲಿ ನನ್ನ ಅಳಿಯ ಹಬ್ಬಕ್ಕೆ ಬಂದ. ಉದಗೀರದ ಹುಡುಗ, ಆಂಧ್ರದ ಸಮುದ್ರ ತೀರದಲ್ಲಿ ಆಮೆ, ಮೀನುಗಳನ್ನು ಕಾಯುವ ನೌಕರಿ. ಬಾವಿಗೆ ಇಣುಕಿ, ಇದು ಕಾಯಿಲೆಯಲ್ಲ ಎಂದ. ಈ ಜಾತಿ ಹುಟ್ಟುವುದು ನಡುಸಮುದ್ರದಲ್ಲಿ, ಬೆಳೆಯುವುದು ನಮ್ಮ ಹಳ್ಳಕೊಳ್ಳಗಳಲ್ಲಿ, ತತ್ತಿ ಇಡಲು ಮತ್ತೆ ಅಲ್ಲಿಗೇ ಹೋಗಬೇಕಂತೆ. ಇಂಥವುಗಳ ದಾರಿ ಯಾವ ಒಂದು ದೇಶದ್ದೂ ಅಲ್ಲ, ಅದಕ್ಕೇ ದೇಶದೇಶಗಳವರು ಕೂತು ಕಡಲಲ್ಲಿ ಆ ದಾರಿ ಕಾಯುವ ಮಾತಾಡುತ್ತಿದ್ದಾರಂತೆ. ಗಡಿಯ ಬಗ್ಗೆ ಕೂತು ಮಾತಾಡುವುದು ನಮಗೇನು ಹೊಸದೇ? ನಮ್ಮ ಎರಡು ರಾಜ್ಯಗಳು ನಾನು ಹುಟ್ಟುವ ಮೊದಲಿನಿಂದ ಅದನ್ನೇ ಮಾಡುತ್ತಿವೆ.

ದೊಡ್ಡವ್ವನ ಕಿವಿಗೆ ತತ್ತಿಯ ಮಾತೊಂದೇ ಬಿತ್ತು. "ಬಸರಿ ಅದಾಳ ಅಂತ ಮೊದಲ ಹೇಳಬಾರದೇನು? ತವರಿಗಿ ಹೊಂಟಾಳ," ಅಂದಳು.

ನಾಳೆಯೇ ಕಾರಿನಲ್ಲಿ ಒಯ್ಯುತ್ತೇನೆ ಎಂದ ಅಳಿಯನಿಗೆ ಸರಿಯಾಗಿ ಬೈಸಿಕೊಳ್ಳುವ ಯೋಗ ಬಂತು. ಬಸುರಿಯನ್ನು ತವರಿನವರೇ ಬಂದು ಕರೆದೊಯ್ಯಬೇಕು, ಅದೂ ಕುಬಸ ಮಾಡಿದ ಮೇಲೆ. ಸಮುದ್ರ ಬರಲಾರದು, ಹಾಗಾಗಿ ದೊಡ್ಡವ್ವನ ತಮ್ಮನೇ ಮೀನಿನ ತವರಾದ. ಪಾಪ, ಮೀಸೆ ತಿರುವಿಕೊಂಡು ಓಡಾಡುವ ಗಂಭೀರ ಮನುಷ್ಯ. ಭಾಲ್ಕಿಯಿಂದ ಟೆಂಪೋ ಮಾಡಿಕೊಂಡು ಹಸಿರು ರವಿಕೆಯ ಖಣ, ಬಳೆ ಹಿಡಿದು ಬಂದ. ಮೀನನ್ನು ದೊಡ್ಡ ಕೊಡಕ್ಕೆ ಇಳಿಸಿ, ಕೊಡದ ಕೊರಳಿಗೆ ಖಣ ಸುತ್ತಿ, ಉಡಿ ತುಂಬಿದರು. ಕುಂಕುಮ ನೀರಿಗೆ ಬೀಳದಂತೆ ಅಳಿಯ ಅಂಗೈ ಅಡ್ಡ ಹಿಡಿದು ನಿಂತಿದ್ದ. ಟೆಂಪೋದಲ್ಲಿ ಭಾಲ್ಕಿಗೆ ಹೋಗುವ ದಾರಿಯಲ್ಲಿ ಸ್ವಾಮಿಗಳ ಮನೆಯ ಕೊಡ ಕಂಡ ಜನ ದೇವರ ಕೊಡವೆಂದು ಕೈ ಮುಗಿದರು. ನಾನು ಆಶೀರ್ವಾದ ಮಾಡುತ್ತ ಹೋದೆ, ಮತ್ತೇನು ಮಾಡಲಿ.

ನದಿಗೆ ಬಿಟ್ಟರೆ ಮುಂದೆ ಅಣೆಕಟ್ಟುಗಳ ಸಾಲು. ಹಾಗಾಗಿ ಭಾಲ್ಕಿಯಿಂದ ಕೊಡ, ಆ ತಮ್ಮನ ಮಗಳನ್ನು ಕೊಟ್ಟ ತೆಲಂಗಾಣದ ಬೀಗರ ಮನೆಗೆ ಹೋಯಿತು. ಅಲ್ಲಿಂದ ಮುಂದಿನದು ಆಗಲೇ ನೌಕರಿಗೆ ಮರಳಿದ್ದ ಅಳಿಯನ ಹೊಣೆ. ಬಂದ ಬಸುರಿಯನ್ನು ಒಂದೆರಡು ದಿನ ಇಟ್ಟುಕೊಳ್ಳದೆ ಯಾವ ಮನೆ ಬಿಟ್ಟೀತು? ಭಾಲ್ಕಿಯ ಓಣಿಯವರೆಲ್ಲ ಬಂದು ಉಡಿ ತುಂಬಿದರು. ತೆಲಂಗಾಣದವರು ತಾವೇನು ಕಡಿಮೆ ಎಂದು ಇನ್ನೊಂದು ಸಲ ತುಂಬಿದರು. ಅಳಿಯ ಫೋನಿನಲ್ಲಿ ನೀರು ಬದಲಿಸಿರಿ, ಬೇಗ ಕಳಿಸಿರಿ ಎಂದು ಗಂಟಲು ಹರಿದುಕೊಂಡ. ಅಂತೂ ದೇಶಗಳ ಮಾತು ಮುಗಿಯುವ ಮೊದಲೇ ನಮ್ಮ ಮೀನು ಬೀಗರ ಮನೆಗಳನ್ನು ಹಿಡಿದು ಕಡಲು ಮುಟ್ಟಿತು.

ಅಳಿಯ ವಿಡಿಯೋ ಕಳಿಸಿದ. ನದಿ ಸಮುದ್ರಕ್ಕೆ ಸೇರುವಲ್ಲಿ ಕೊಡ ಬಾಗಿಸಿದ, ಬೆಳ್ಳಿಯ ಗೆರೆಯೊಂದು ಹೊಳೆದು ಹೋಯಿತು. ಆಮೇಲೆ ನನಗೊಬ್ಬನಿಗೇ ಫೋನು ಮಾಡಿ, ತತ್ತಿ ಇಟ್ಟ ಮೇಲೆ ಆ ಮೀನು ಬದುಕುವುದಿಲ್ಲ ಎಂದ.

ಸಾವಿನ ಮನೆಗಳಲ್ಲಿ ಸಮಾಧಾನ ಹೇಳುವುದೇ ನನ್ನ ಉದ್ಯೋಗ. ಆದರೂ ದೊಡ್ಡವ್ವನಿಗೆ ಹೇಳುವುದನ್ನು ನಾಳೆ ನಾಳೆ ಎಂದು ಮುಂದೂಡಿದೆ. ಆಕೆ ಬಾವಿಯ ಹೂಳು ತೆಗೆಸಿ, ಕಟ್ಟೆ ತೊಳೆಸಿ ಕಾಯುತ್ತಿದ್ದಳು. ಬಾಣಂತನ ಮುಗಿಸಿ ಯಾವಾಗ ಬರುತ್ತಾಳೆ ಎಂದು ಒಂದು ಸಂಜೆ ಕೇಳಿಯೇಬಿಟ್ಟಳು.

"ಆಕಿ ಬರಂಗಿಲ್ಲ ದೊಡ್ಡವ್ವ," ಅಂದೆ. "ತತ್ತಿ ಇಟ್ಟ ಮ್ಯಾಲ ಉಳಿಯಂಗಿಲ್ಲಂತ. ಮರಿಗೋಳು ಬರ್ತಾವ, ದಾರಿ ಸಿಕ್ಕರ."

ದೊಡ್ಡವ್ವ ಕೂತ ಕಟ್ಟೆಯಿಂದಲೇ ಬಾವಿಗೆ ಇಣುಕಿದಳು.

"ಅವಕ್ಕ ಕನ್ನಡ ಬರಂಗಿಲ್ಲಲ್ಲೋ," ಅಂದಳು.

ಅಷ್ಟರಲ್ಲಿ ಮನೆಯ ಕಡೆಯಿಂದ ಸೊಸೆ ಊಟಕ್ಕೆ ಕೂಗಿದಳು. ದೊಡ್ಡವ್ವ ಮೊಣಕಾಲು ಹಿಡಿದು ಎದ್ದು, ಬಂದೆ ಎಂದು ಮರಾಠಿಯಲ್ಲಿ ಉತ್ತರ ಕೊಟ್ಟಳು.