ಜೇನು ಸುಟ್ಟು ಮಾಡಿದ ಮದುವೆ

ನನ್ನ ಮದುವೆಯನ್ನು ಊರಿನವರು ಇವತ್ತಿಗೂ ಹೊಗಳುತ್ತಾರೆ. ಆ ಮಾತು ಶುರುವಾದರೆ ನನಗೆ ಎದ್ದು ಹೋಗಬೇಕು ಅನಿಸುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ಮತ್ತೋಡಿನ ಹತ್ತಿರದ ನಮ್ಮೂರಲ್ಲಿ, ನಮ್ಮ ಮನೆಗೂ ಪಕ್ಕದ ಮನೆ ಚಿಕ್ಕವ್ವನ ಮನೆಗೂ ನಡುವೆ ಆಲದ ಜಾತಿಯ ಒಂದು ದೊಡ್ಡ ಗೋಣಿಮರ. ಹೊಲದಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಡುವ ಹೊತ್ತಿಗೆ ಹೆಜ್ಜೇನು ಬಂದು ಮರದ ತುಂಬ ಗೂಡು ಕಟ್ಟುತ್ತಿದ್ದವು. ಅದರಡಿಯೇ ಚಪ್ಪರ, ಒಲೆ, ವಾಲಗ ಎಂದಾದಾಗ ಅಪ್ಪನಿಗೆ ದಿಗಿಲು ಹತ್ತಿತು. “ಬೀಗ್ರಿಗೆ ಒಂದು ಹುಳ ಕಚ್ಚಿದ್ರೂ ನನ್ನ ಮರ್ಯಾದೆ ಏನಾಗ್ತೈತೆ?” ಎಂದು ಹಿಂದಿನ ಸಂಜೆ ಬಿದಿರು ಗಳಕ್ಕೆ ತೆಂಗಿನ ಗರಿ ಕಟ್ಟಿಸಿ, ಒಂದೊಂದೇ ಗೂಡಿಗೆ ಬೆಂಕಿ ಇಡಿಸಿದ. ಅರಿಶಿನ ಮೆತ್ತಿಕೊಂಡು ಕಿಟಕಿಯಲ್ಲಿ ನಿಂತಿದ್ದ ನನಗೆ ಖುಷಿಯೇ ಆಗಿತ್ತು. ಬೆಳಿಗ್ಗೆ ಹೆಂಗಸರು ಸತ್ತ ಹುಳಗಳನ್ನು ಗುಡಿಸಿ ಮೊರದಲ್ಲಿ ಹೊತ್ತು ತಿಪ್ಪೆಗೆ ಸುರಿದರು.

ಮುಂದಿನ ಹಂಗಾಮಿಗೆ ಹೆಜ್ಜೇನು ಬರಲಿಲ್ಲ. ನಾನು ಹೆರಿಗೆಗೆ ತವರಿಗೆ ಬಂದಿದ್ದೆ. ರಾಗಿಯ ಸಾಲುಗಳ ನಡುವೆ ಹುಚ್ಚೆಳ್ಳು ಎಂದಿನಂತೆ ಹೂ ಬಿಟ್ಟಿತ್ತು, ಆದರೆ ಗುಂಯ್ ಅನ್ನುವ ಸದ್ದೇ ಇರಲಿಲ್ಲ. ಚಿಕ್ಕವ್ವ ಕಣದಲ್ಲಿ ತೂರಿದರೆ ಮುಕ್ಕಾಲು ಪಾಲು ಜೊಳ್ಳಾಗಿ ಗಾಳಿಗೆ ಹೋಯಿತು. ಆ ಹುಚ್ಚೆಳ್ಳು ಮಾರಿ ಮಗಳ ಮದುವೆ ಮಾಡಬೇಕೆಂದಿದ್ದಳು.

“ಜೇನು ಕೂರದೆ ಕಾಳು ಹೆಂಗೆ ಕಟ್ತೈತವ್ವ?” ಎಂದವಳು ನನ್ನ ಮುಖ ನೋಡಿ ಮಾತು ತಿರುಗಿಸಿದಳು. “ಒಳಗೋಗು, ಬಿಸಿಲೈತೆ” ಎಂದಳು.

ಮದುವೆ ಮುಂದಕ್ಕೆ ಹೋಯಿತು. ಮರುವರ್ಷವೂ ಜೊಳ್ಳೇ. ನಮ್ಮ ಹೊಲದ ಗತಿಯೂ ಅದೇ, ಆದರೆ ನಮಗೆ ತೆಂಗಿತ್ತು.

ಮೂರನೆಯ ವರ್ಷ ಮರದ ತುದಿಯಲ್ಲಿ ನಾಲ್ಕೈದು ಗೂಡು ಕಂಡವು. ಹುಚ್ಚೆಳ್ಳು ತಕ್ಕಮಟ್ಟಿಗೆ ಕಾಳು ಕಟ್ಟಿತು. ಚಿಕ್ಕವ್ವನ ಮಗಳ ಮದುವೆ ಗೊತ್ತಾಯಿತು. ಉಪಕಾರ ಮಾಡುವುದರಲ್ಲಿ ನಮ್ಮಪ್ಪ ಯಾವತ್ತೂ ಹಿಂದೆ ಬಿದ್ದವನಲ್ಲ. “ಚಿಂತೆ ಬ್ಯಾಡ ಕಣವ್ವ, ಗೂಡು ನಾನೇ ಸುಡಿಸಿ ಕೊಡ್ತೀನಿ” ಎಂದ.

“ಬ್ಯಾಡಣ್ಣ, ಅವು ಬಂದಿದ್ದಕ್ಕೇ ಈ ಮದುವೆ ಆಗ್ತಿರೋದು” ಎಂದು ಚಿಕ್ಕವ್ವ ಊರಾಚೆಯ ಕಣದಲ್ಲಿ ಚಪ್ಪರ ಹಾಕಿಸಿದಳು.

ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದ ಗಂಡಿನ ಕಡೆಯ ಹಿರಿಯರೊಬ್ಬರು ಊಟದ ಸಾಲಿನಲ್ಲಿ ಅಪ್ಪನ ಪಕ್ಕ ಕೂತು ಸಿಡುಕಿದರು: “ಏನ್ರಿ, ಅಷ್ಟು ದೊಡ್ಡ ಮರ ಬಿಟ್ಟು ಈ ಬಯಲಿಗೆ ಕರ್ಕಂಡು ಬಂದಿದೀರಿ? ನಿಮ್ಮ ಮಗಳ ಮದುವೆ ಅದರಡಿ ಭಾಳ ಜೋರಾಗಿ ಆತಂತೆ?”

ಅಪ್ಪ ಎಲೆಯ ಅಂಚು ಸರಿಪಡಿಸತೊಡಗಿದ. ಅನ್ನ ಬಡಿಸುತ್ತಿದ್ದ ಚಿಕ್ಕವ್ವ ಪಾತ್ರೆ ಕೆಳಗಿಟ್ಟು ಕೈಮುಗಿದಳು. “ಆ ಮರದಡಿ ಶುಭಕಾರ್ಯ ನಮ್ಮನೆಗೆ ಆಗಿಬರಲ್ರಿ. ತಪ್ಪು ನಮ್ದೇ, ಹೊಟ್ಟೆಗೆ ಹಾಕ್ಕಳ್ರಿ.”

ಅಪ್ಪನ ಎಲೆಗೆ ಅನ್ನ ಬಡಿಸಿ, ಎದುರು ಸಾಲಿನಲ್ಲಿದ್ದ ನನ್ನ ಹತ್ತಿರ ಬಂದಳು. ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ.

“ಉಣ್ಣವ್ವ, ಆರೋಗ್ತೈತೆ” ಎಂದಳು.