ಮರಳಿನಲ್ಲಿ ತೋಡಿದ ಗುಂಡಿ

ಮಗಳಿಗೆ ಆಗ ನಾಲ್ಕು ವರ್ಷ. ಈಗ ಕೇಳಿದರೆ ಅವಳಿಗೆ ಆ ದಿನದ್ದು ಒಂದೂ ನೆನಪಿಲ್ಲ. ನಾನು ಒಂದನ್ನೂ ಮರೆತಿಲ್ಲ. ಅವಳಿಗೆ ಕಡಲು ತೋರಿಸುತ್ತೇನೆಂದು ಬೀದಿಯವರಿಗೆಲ್ಲ ಹೇಳಿಕೊಂಡು ಸೇಲಂನಿಂದ ಕಡಲೂರಿನ ಬಸ್ಸು ಹತ್ತಿದೆ. ನಿಜ ಹೇಳಬೇಕೆಂದರೆ ಆಸೆ ನನ್ನದು. ಮೂವತ್ತು ದಾಟಿದರೂ ಕಡಲನ್ನು ಟೀವಿಯಲ್ಲಿ ಬಿಟ್ಟರೆ ನೋಡಿರಲಿಲ್ಲ. ಕಾಲೇಜಿನವರು ಟೂರ್ ಎಂದು ಕರೆದೊಯ್ದದ್ದೆಲ್ಲ ಬೆಟ್ಟಗಳಿಗೇ. ಗಂಡನಿಗೆ ರಜೆ ಸಿಗಲಿಲ್ಲವೆಂದು ಅಪ್ಪನನ್ನು ಹೊರಡಿಸಿದೆ.

ಅಪ್ಪ ನೇಕಾರ. ನಮ್ಮ ನಡುಮನೆಯಲ್ಲೇ ಗುಂಡಿಮಗ್ಗವಿತ್ತು. ನೆಲದಲ್ಲಿ ತೋಡಿದ ಗುಂಡಿಯ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತ ನೇಯಬೇಕು. ಮಗ್ಗಕ್ಕೆ ಬಿಗಿದ ಉದ್ದದ ನೂಲಿಗೆ ಹಾಸು ಎನ್ನುತ್ತೇವೆ. ಚಿಕ್ಕವಳಿದ್ದಾಗ ಕಡಲಿಗೆ ಹೋಗೋಣವೆಂದು ಪೀಡಿಸಿದರೆ ಅಪ್ಪನದು ಒಂದೇ ಮಾತು: "ಈ ಆಸು ಮುಗೀಲಿ ಪಾಪ, ಓಗಾನ." ನೇಕಾರರ ಮನೆಯಲ್ಲಿ ಹಾಸು ಎಲ್ಲಿ ಮುಗಿಯುತ್ತದೆ? ಹಳೆಯದರ ತುದಿಯ ಒಂದೊಂದು ಎಳೆಗೂ ಹೊಸದರ ಎಳೆ ಹೊಸೆದು ಸೇರಿಸುತ್ತಾರೆ. ಇದು ತಿಳಿಯುವಷ್ಟು ದೊಡ್ಡವಳಾದ ಮೇಲೆ ಕೇಳುವುದನ್ನು ಬಿಟ್ಟೆ. ಸಿಟ್ಟನ್ನು ಬಿಡಲಿಲ್ಲ.

ಇನ್ನೊಂದು ಸಿಟ್ಟೂ ಇತ್ತು. ಆ ಗುಂಡಿಗೆ ಕಾಲು ಇಳಿಸಲು ಅಪ್ಪ ನನ್ನನ್ನು ಬಿಡುತ್ತಲೇ ಇರಲಿಲ್ಲ. ಇಳಿಸಿದರೆ ರಟ್ಟೆ ಹಿಡಿದು ಎಬ್ಬಿಸುತ್ತಿದ್ದ. "ನಿಂಗೆ ಈ ಗುಂಡಿ ಬ್ಯಾಡ. ಓಗಿ ಓದ್ಕೋ."

ಕಡಲು ಕಂಡಾಗ ನನಗೆ ಕಣ್ಣು ತುಂಬಿ ಬಂತು. ಮಗಳು ಮೊದಲ ಅಲೆ ನೋಡಿದ್ದೇ ಕಿರುಚಿ ನನ್ನ ಸೊಂಟಕ್ಕೆ ಜೋತುಬಿದ್ದಳು. ಮುದ್ದು ಮಾಡಿದೆ, ಐಸ್‌ಕ್ರೀಮಿನ ಆಸೆ ತೋರಿಸಿದೆ, ಕೊನೆಗೆ ಎತ್ತಿಕೊಂಡು ನೀರಿನತ್ತ ನಡೆದೆ. "ವೇಣಾಮ್ಮಾ, ವೇಣಾಂ" ಎಂದು ಬೇಡ ಬೇಡವೆಂದು ಅತ್ತಳು. ಮನೆಮಾತು ಕನ್ನಡವಾದರೂ ಸೇಲಂನಲ್ಲೇ ಬೆಳೆದ ಅವಳಿಗೆ ಅಳುವುದಕ್ಕೂ ತಮಿಳೇ ಸಲೀಸು. ಸಂಜೆ ವಾಪಸು ಬಸ್ಸು ಹಿಡಿಯಬೇಕು. ನಾನು ಇಷ್ಟು ವರ್ಷ ಕಾದ ಕಡಲಿಗೆ ಇವಳು ಕಾಲನ್ನೂ ತಾಕಿಸದೆ ಹೋಗುತ್ತಾಳಲ್ಲ ಎಂದು ರೇಗಿ ಬೆನ್ನಿಗೊಂದು ಕೊಟ್ಟೇಬಿಟ್ಟೆ. ಆ ಏಟಿಗೆ ಇಂದಿಗೂ ನಾಚಿಕೆಯಾಗುತ್ತದೆ.

ಅಪ್ಪ ನನ್ನನ್ನು ಬಯ್ಯಲಿಲ್ಲ. ಪಂಚೆ ಎತ್ತಿಕಟ್ಟಿ, ಅಲೆ ಮುಟ್ಟದಷ್ಟು ಮೇಲೆ, ಒದ್ದೆ ಮರಳಿನಲ್ಲಿ ಕೂತು ಮಗಳ ಪ್ಲಾಸ್ಟಿಕ್ ಬಕೆಟ್ಟಿನಿಂದ ಅಗೆಯತೊಡಗಿದ. ಚೌಕನೆಯ ಗುಂಡಿ, ಮೊಣಕಾಲಷ್ಟು ಆಳ, ಅಂಚನ್ನು ಅಂಗೈಯಿಂದ ತಟ್ಟಿ ತಟ್ಟಿ ಗಟ್ಟಿಮಾಡಿದ. ಅದೇನೆಂದು ನನಗೆ ನೋಡುತ್ತಲೇ ತಿಳಿಯಿತು. ನಮ್ಮ ನಡುಮನೆಯದೇ ಅಳತೆ. ತಳದಲ್ಲಿ ನೀರು ಒಸರಿತು. ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು ಒಂದಾದ ಮೇಲೊಂದು ತುಳಿದ. ಒಂದು ಕಪ್ಪೆಚಿಪ್ಪನ್ನು ಲಾಳಿ ಮಾಡಿಕೊಂಡು ಕೈಯಿಂದ ಕೈಗೆ ಓಡಿಸಿದ.

ಮಗಳ ಅಳು ನಿಂತಿತು. ಸೆರಗು ಬಿಟ್ಟು ಮೆಲ್ಲಗೆ ಹತ್ತಿರ ಹೋದಳು.

"ಬಾ ಕಣ್ಣು," ಎಂದ ಅಪ್ಪ. "ನೀನು ಓಗಲಿಲ್ಲ ಅಂತ ಸಮುದ್ರಾನೇ ನಿನ್ ತಾವ ಬಂದೈತೆ."

ಅವಳು ಇಳಿದಳು. ತಾತನ ಕಾಲ ಮೇಲೆ ಕಾಲಿಟ್ಟು ತುಳಿದು ನೀರು ಚಿಮ್ಮಿಸಿ ನಕ್ಕಳು. ಅಪ್ಪ ನನ್ನತ್ತ ತಿರುಗಿ ಪಕ್ಕದ ಮರಳು ತಟ್ಟಿದ.

"ನೀನೂ ಕೂತ್ಕೊಳವ್ವ. ಜಾಗ ಐತೆ."

"ಗುಂಡಿ ಬ್ಯಾಡ ಅಂತಿದ್ದೆ ಯಾವಾಗ್ಲೂ," ಎಂದೆ.

"ಅದು ಬ್ಯಾಡ. ಇದು ಇರ್ಲಿ."

ಕಾಲು ಇಳಿಸಿದೆ. ತಣ್ಣಗಿತ್ತು. ಅಪ್ಪನ ಒರಟು ಪಾದ ನನ್ನ ಪಾದಕ್ಕೆ ತಾಗುತ್ತಿತ್ತು. ಕೆಣಕೋಣವೆಂದೇ ಕೇಳಿದೆ: "ಅಂತೂ ಆಸು ಮುಗೀತಾ ಅಪ್ಪ?"

"ಇಲ್ಲ," ಎಂದ ಅಪ್ಪ, ಕಡಲು ನೋಡುತ್ತ. "ಅರ್ದ ಐತೆ. ಬಿಟ್ಟು ಬಂದೆ."