ಕಾಕು ವಿಚಾರ ಮಾಡುತ್ತಿದ್ದದ್ದು ಬೆರಳಿನಿಂದ

ನಿಪ್ಪಾಣಿಯಿಂದ ರಾಯಬಾಗಕ್ಕೆ ಬರುವ ಬಸ್ಸಿನಲ್ಲಿ ಮೊನ್ನೆ ತಂಬಾಕಿನ ವಾಸನೆ ಬಂತು. ಪಕ್ಕದ ಸೀಟಿನ ಹೆಂಗಸು ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತ ಏನನ್ನೋ ಯೋಚಿಸುತ್ತಿದ್ದಳು. ಅವಳ ಬೆರಳುಗಳು ಮಾತ್ರ ಬರಿದಾದ ಮಡಿಲ ಮೇಲೆ ಇಲ್ಲದ ಬೀಡಿಯನ್ನು ಸುತ್ತುತ್ತಿದ್ದವು. ನೋಡುತ್ತ ನೋಡುತ್ತ ನನ್ನ ಹೆಬ್ಬೆರಳೂ ಮಡಚಿಕೊಳ್ಳತೊಡಗಿತು. ನೀವೂ ಗಮನಿಸಿರುತ್ತೀರಿ, ಸೂಜಿಗೆ ದಾರ ಪೋಣಿಸುವವರ ಎದುರು ಕೂತರೆ ನಮ್ಮ ತುಟಿಯೂ ಬಿಗಿಯುತ್ತದೆ. ಕಂಡದ್ದನ್ನು ಮಿದುಳು ಒಳಗೊಳಗೇ ತಾನೂ ಮಾಡಿ ನೋಡುತ್ತದಂತೆ. ವಿಚಾರ ಅನ್ನುವುದು ಬಹುಪಾಲು ಇಂಥ ಗುಟ್ಟಿನ ತಾಲೀಮೇ ಅಂತೆ. ವಿಜ್ಞಾನದ ಟೀಚರ್ ನಾನು, ಇದನ್ನು ಮಕ್ಕಳಿಗೆ ಗಂಭೀರವಾಗಿ ಪಾಠ ಮಾಡಿದ್ದೇನೆ. ನಮ್ಮ ಕಾಕುಗೆ ಇದು ಮೊದಲೇ ಗೊತ್ತಿತ್ತೆಂದು ಹೊಳೆದದ್ದು ಈ ಬಸ್ಸಿನಲ್ಲಿ.

ಅವ್ವ ತೀರಿಕೊಂಡ ಮೇಲೆ ಭೋಜ ಎಂಬ ಹಳ್ಳಿಯಲ್ಲಿ ನನ್ನನ್ನು ಸಾಕಿದವಳು ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ. ಅವಳ ಮಡಿಲಲ್ಲಿ ಸದಾ ಬೀಡಿ ಕಟ್ಟುವ ಮೊರ. ಕಾಕಾ ಊರಿಗೆಲ್ಲ ಬುದ್ಧಿ ಹೇಳುವವರು. ಮನೆಯ ಮಾತು ಬಂದರೆ ಮಾತ್ರ ಆ ಮೊರದ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂಡುತ್ತಿದ್ದರು. ಎಮ್ಮೆ ಕೊಳ್ಳುವುದಿರಲಿ, ಬೀಗರನ್ನು ಕರೆಯುವುದಿರಲಿ, ಅವಳ ಉತ್ತರ ಒಂದೇ: "ತಡೀರಿ, ಒಂದ್ ನಾಕ್ ಕಟ್ತೀನಿ." ಎಲೆ ಹಿಡಿದು, ತಂಬಾಕು ಉದುರಿಸಿ, ಸುತ್ತಿ, ದಾರ ಬಿಗಿದು, ನಾಲ್ಕನೆಯದಕ್ಕೋ ಐದನೆಯದಕ್ಕೋ ಹೂಂ ಅಥವಾ ಬ್ಯಾಡ. ಸುಮ್ಮನೆ ಕುಳಿತು ಅವಳು ವಿಚಾರ ಮಾಡಿದ್ದನ್ನು ನಾನು ಕಂಡಿಲ್ಲ.

ನಾನು ಪಿಯುಸಿ ಮುಗಿಸಿದ ವರ್ಷ ಅವಳು ಕೊಟ್ಟಿಗೆಯಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಅದೇ ವಾರ ನನಗೊಂದು ಸಂಬಂಧ ಬಂತು. ನನಗೋ ಚಿಕ್ಕೋಡಿಯ ಕಾಲೇಜು ಸೇರುವ ಆಸೆ, ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲ.

"ಸಂಜೀಕ ಅವರು ಬರ್ತಾರ. ಏನ್ ಹೇಳೂಣು?" ಎಂದರು ಕಾಕಾ.

ಕಾಕು ಪ್ಲಾಸ್ಟರಿನ ಕೈ ನೋಡಿಕೊಂಡಳು. "ಕೈ ಆಡವಲ್ದು, ತಲೀನೂ ಆಡವಲ್ದು. ಏ ಪೋರಿ, ಮೊರ ತಗೊಂಡ್ ನನ್ನ ಮುಂದ ಕೂಡು. ನೀ ಕಟ್ಟು, ನಾ ನೋಡ್ತೀನಿ."

ನನ್ನ ಹಣೆಬರಹದ ಬೀಡಿಗಳನ್ನು ನಾನೇ ಕಟ್ಟಬೇಕಾಯಿತು. ಮೊದಲನೆಯದರ ಹೊಟ್ಟೆ ಉಬ್ಬಿತು, ಎರಡನೆಯದರ ಎಲೆ ಸೀಳಿತು. ನಾನು ದಾರ ಬಿಗಿದಾಗಲೆಲ್ಲ ಕಾಕುವಿನ ಭುಜ ಅಲುಗುತ್ತಿತ್ತು, ಪ್ಲಾಸ್ಟರಿನಿಂದ ಇಣುಕಿದ್ದ ಬೆರಳ ತುದಿಗಳು ಸೆಟೆಯುತ್ತಿದ್ದವು. ದಾರ ಕೊರೆದು ನನ್ನ ತೋರುಬೆರಳು ಕೆಂಪಾಯಿತು. ಏಳನೆಯದಕ್ಕೆ ಅವಳು ಎಡಗೈ ಅಡ್ಡ ಹಿಡಿದಳು.

"ಸಾಕ್ ಬಿಡು. ನಿನ್ನ ಬಟ್ಟು ನೋಡಿಕೋತ ನನ್ನ ಬಟ್ಟು ನೋಯಾಕತ್ತಾವ." ಆಮೇಲೆ ಕಾಕಾರ ಕಡೆ ತಿರುಗಿ, "ಬರಬ್ಯಾಡ್ರಿ ಅಂತ ಹೇಳ್ರಿ ಅವ್ರಿಗೆ. ಹುಡುಗಿ ಕಲೀಲಿ" ಎಂದಳು.

ಕಾಕಾ ಚಪ್ಪಲಿ ಮೆಟ್ಟಿಕೊಂಡು ಅವರಿಗೆ ಹೇಳಿಬರಲು ಹೊರಟರು.

ಬೀಡಿ ಕೆಟ್ಟದಾಗಿ ಕಟ್ಟಿ ಡಿಗ್ರಿ ಪಡೆದವಳು ನಾನು ಎಂದು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ನಗಿಸಿದ್ದೇನೋ. ಬಟ್ಟು, ಅಂದರೆ ಬೆರಳು, ನೋಯುತ್ತವೆ ಅಂದದ್ದು ನನ್ನ ಕೆಲಸಕ್ಕೆ ತೆಗೆದ ಕೊಂಕು ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಬಸ್ಸಿಳಿದ ಮೇಲೆ ಮನಸ್ಸು ತಡೆಯಲಿಲ್ಲ. ಭಾನುವಾರ ಭೋಜಕ್ಕೆ ಹೋದೆ. ಕಾಕು ಈಗ ಬೀಡಿ ಕಟ್ಟುವುದಿಲ್ಲ, ಬೆರಳು ಸೊಟ್ಟಗಾಗಿವೆ. ಎಣ್ಣೆ ಬಿಸಿ ಮಾಡಿ ಒಂದೊಂದೇ ಬೆರಳು ತಿಕ್ಕುತ್ತ ಕೇಳಿದೆ. "ಕಾಕು, ಅವತ್ತ ನಾ ಕಟ್ಟೂವಾಗ ಖರೇನ ನಿನ್ನ ಬಟ್ಟು ನೋಯಾಕತ್ತಿದ್ದವು?"

"ಖರೇನ. ಲಂಗಾ ಪರಕಾರ ಉಡೂ ವಯಸ್ಸಿನ್ಯಾಗ ತವರ್ಮನ್ಯಾಗ ನನ್ನನ್ನ ಮೊರದ ಮುಂದ ಕೂಡ್ಸಿದ್ರಲ್ಲ, ಆವಾಗ ಹೆಂಗ ನೋಯ್ತಿದ್ದವು, ಹಂಗ."

ನನಗೆ ತಡೆಯಲಾಗದೆ ಅಳು ಬಂತು. ಕೈ ನಿಂತಿತು.

"ಅಳೂದ್ಯಾಕ? ನೋವಾಗದ ಏನರ ತಿಳೀತೈತೇನವ್ವಾ?" ಎಂದಳು. "ತಿಕ್ಕು, ಎಣ್ಣಿ ಆರ್ತೈತಿ."